ನಾನು ಹಾಕದ ಸಹಿ

ಅವರ ಬಲಗಿವಿಯ ಮೇಲೆ ಸದಾ ಒಂದು ನೀಲಿ ಸೀಮೆಸುಣ್ಣದ ಬಿಲ್ಲೆ ಸಿಕ್ಕಿಸಿರುತ್ತಿತ್ತು, ಟೈಲರ್‌ಗಳು ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರಲ್ಲ, ಅದು. ಹೊಲಿಗೆ ಬಿಟ್ಟು, ಶಿಕಾಗೋದ ಡೆವನ್ ಅವೆನ್ಯೂ ಪಕ್ಕದ ಬೀದಿಯಲ್ಲಿ ಆರು ಮನೆಗಳ ಇಟ್ಟಿಗೆ ಕಟ್ಟಡಕ್ಕೆ ಮಾಲೀಕರಾದ ಮೇಲೂ ಅದು ಕಿವಿ ಬಿಟ್ಟು ಇಳಿದಿರಲಿಲ್ಲ. ಗೋಡೆ ಬಿರುಕು ಬಿಟ್ಟಲ್ಲಿ, ಪೈಪು ಸೋರಿದಲ್ಲಿ ಅದರಿಂದ ಗುರುತು ಹಾಕಿ ಹೋಗುತ್ತಿದ್ದರು. ಸಂಜೆಯೊಳಗೆ ರಿಪೇರಿ ಆಗಿರುತ್ತಿತ್ತು.

ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅವರು ದಾವಣಗೆರೆಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ಮೈಸೂರಿನಲ್ಲಿ ರ‍್ಯಾಂಕ್ ಪಡೆದು ಎಂಜಿನಿಯರ್ ಆಗಿ, ದಿನಾ ನೇಪರ್‌ವಿಲ್‌ನ ಆಫೀಸಿಗೆ ಮೂವತ್ತು ಮೈಲಿ ಡ್ರೈವ್ ಮಾಡುತ್ತಿದ್ದವನು. ಕಟ್ಟಡ ಅವರದು, ನಾನು ಬಾಡಿಗೆದಾರ. ಸುಳ್ಳೇಕೆ, ನನಗೆ ಹೊಟ್ಟೆ ಉರಿಯುತ್ತಿತ್ತು. ಅವರು ನಲ್ಲಿ ಸರಿ ಮಾಡಿ ಹೋದ ಮೇಲೆ ನನ್ನ ಹೆಂಡತಿ "ಎಷ್ಟು ಒಳ್ಳೆಯವರು ಅಲ್ವಾ" ಎಂದರೆ ಕುಡಿಯುತ್ತಿದ್ದ ಕಾಫಿ ಸಪ್ಪೆಯಾಗುತ್ತಿತ್ತು.

ಬಾಡಿಗೆ ಮನೆಗಳನ್ನು ಕಾಂಡೋ ಮಾಡಿ ಒಂದೊಂದಾಗಿ ಮಾರುವ ಹುಚ್ಚು ಆಗ ಊರಿಗೆಲ್ಲ ಹಿಡಿದಿತ್ತು. ಅವರೂ ಮಾರಲು ಹೊರಟರು. ಕಾನೂನಿನ ಪ್ರಕಾರ ಅದಕ್ಕೆ ನೂರಿಪ್ಪತ್ತು ದಿನ ಮೊದಲು ಬಾಡಿಗೆದಾರರಿಗೆ ಲಿಖಿತ ನೋಟಿಸ್ ಕೊಡಬೇಕು. ಮಾರುವ ಮನೆಯನ್ನು ಕೊಳ್ಳುವ ಮೊದಲ ಹಕ್ಕು ಅದರಲ್ಲಿ ಇರುವವರದು. ಇವರು ರಂಜಾನ್ ಹಬ್ಬದ ದಿನ ಪ್ರತಿ ಬಾಗಿಲಿಗೂ ಶೀರ್ ಕುರ್ಮಾ ಪಾಯಸದ ಬಟ್ಟಲು ಹಿಡಿದು ಬಂದು ಬಾಯಲ್ಲೇ ಹೇಳಿದರು. ಹಬ್ಬದ ದಿನ ಬಾಗಿಲಲ್ಲಿ ನಿಂತು ಆಡಿದ ಮಾತಿಗಿಂತ ದೊಡ್ಡ ನೋಟಿಸ್ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ನನಗೆ ಇನ್ನೊಂದು ಮಾತನ್ನೂ ಹೇಳಿದರು. "ಇಂಜಿನಿಯರ್ ಸಾಹೇಬ್ರ, ಉಳಿದ ಐದು ಮನಿ ಮಾರ್ತೀನ್ರಿ. ಈ ಮ್ಯಾಲಿಂದು ನಮ್ಮ ಹುಡುಗಿಗೆ ಇಟ್ಕಂತೀನಿ, ಬಿಸಿಲು ಚಲೋ ಬರ್ತತಿ. ಕೆಳಗಿನೋರು ಖಾಲಿ ಮಾಡ್ತಾರಂತೆ, ಅದನ್ನ ನಿಮಗೆ ಕೊಡ್ತೀನಿ."

ಹುಡುಗಿ ಇನ್ನೂ ಕಾಲೇಜಿನಲ್ಲಿದ್ದಳು. ನಾನು ನಾಲ್ಕು ವರ್ಷ ಬಾಡಿಗೆ ಕಟ್ಟಿದ ಮನೆ ಅವಳಿಗೆ ಕೂತಲ್ಲೇ ಸಿಗುತ್ತದೆ. ಆ ಶೀರ್ ಕುರ್ಮಾದ ಬಟ್ಟಲನ್ನು ಹೆಂಡತಿಯ ಕಡೆ ಸರಿಸಿದೆ.

ಇಡೀ ಕಟ್ಟಡ ಒಂದೇ ಸಾಲಕ್ಕೆ ಅಡವಾಗಿತ್ತು. ಮನೆ ಮಾರಿದ ಹಾಗೆಲ್ಲ ಒಂದೊಂದನ್ನೇ ಬಿಡಿಸಿಕೊಡುವ ಹೊಸ ಸಾಲಕ್ಕೆ ಬ್ಯಾಂಕು ಒಪ್ಪಿತು. ಆದರೆ ಹಬ್ಬದ ದಿನವೇ ಲಿಖಿತ ನೋಟಿಸ್ ತಲುಪಿದೆ ಎಂದು ಆರೂ ಮನೆಯವರು ಸಹಿ ಹಾಕಬೇಕಿತ್ತು. ಐದು ಮನೆಯವರು ಓದದೆ ಹಾಕಿದರು. ನಾನು ಪೂರ್ತಿ ಓದಿದೆ.

"ಅಂಕಲ್, ನೋಟಿಸ್ ಬಂದೇ ಇಲ್ವಲ್ಲ. ಸುಳ್ಳಿಗೆ ಹೇಗೆ ಸೈನ್ ಮಾಡ್ಲಿ?"

ಆಡಿದ್ದು ಸತ್ಯ, ಆಡಿಸಿದ್ದು ಮತ್ಸರ. ಅವರು ಕಾಗದವನ್ನು ನಿಧಾನವಾಗಿ ಮಡಚಿಕೊಂಡರು. "ಹೌದ್ರಿ, ನಂದೇ ತಪ್ಪು. ಬರೆದು ಕೊಡಬೇಕಿತ್ತು" ಎಂದರು. ಮರುದಿನ ಎಲ್ಲರಿಗೂ ನೋಟಿಸ್ ಬಂತು. ಐದು ಮನೆಯವರ ಹತ್ತಿರವೂ ನನ್ನ ಹೆಸರೆತ್ತದೆ, ತಪ್ಪು ತನ್ನದೆಂದೇ ಹೇಳಿಕೊಂಡರು.

ನೂರಿಪ್ಪತ್ತು ದಿನ ಹೊಸದಾಗಿ ಶುರುವಾಯಿತು. ಅಷ್ಟರಲ್ಲಿ ಬ್ಯಾಂಕಿನ ಒಪ್ಪಿಗೆಯ ಅವಧಿ ಮುಗಿಯಿತು. ಎರಡನೆಯ ಸಲ ಬ್ಯಾಂಕು ಕಡಿಮೆ ಸಾಲ ಕೊಟ್ಟಿತು. ಕೊರತೆ ತುಂಬಲು ಅವರು ಮಗಳಿಗೆಂದು ಇಟ್ಟುಕೊಂಡಿದ್ದ ಮೇಲಿನ ಮನೆಯನ್ನೂ ಮಾರಬೇಕಾಯಿತು. ಮೊದಲ ಹಕ್ಕು ನನ್ನದಿತ್ತು. ಕೊಂಡೆ.

ಕೀಲಿಕೈ ಕೊಡುವ ದಿನ ಒಂದೊಂದು ನಲ್ಲಿಯನ್ನೂ ತಿರುಗಿಸಿ ನೋಡಿದರು. "ಕಿಟಕಿ ಹತ್ರ ಕರಿಬೇವು ಇಡ್ರಿ. ಚಳಿಗಾಲದಾಗೂ ಉಳಿತತಿ" ಎಂದರು. ಗೆದ್ದವನು ನಾನು. ಆದರೂ ಡೆವನ್‌ನಲ್ಲಿ ಅಂಗಡಿಯವರು ಅವರನ್ನು ಕಂಡು ಎದ್ದು ನಿಂತರೆ ನನಗೆ ಮತ್ತೆ ಉರಿಯುತ್ತಿತ್ತು.

ಕೆಲವು ವರ್ಷಗಳ ನಂತರ, ಹಿಮ ಬೀಳುತ್ತಿದ್ದ ಒಂದು ದಿನ ಅವರ ಮಣ್ಣಿಗೆ ಹೋದೆ. ಎಷ್ಟೊಂದು ಜನ. ಪೈಪಿನ ಕೆಲಸದ ಮೆಕ್ಸಿಕನ್ ಮುದುಕ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಾನು ಸತ್ತರೆ ಇದರಲ್ಲಿ ಕಾಲು ಭಾಗ ಬಂದಾರೆಯೇ ಎಂದು ಅಲ್ಲಿಯೂ ಲೆಕ್ಕ ಹಾಕಿದೆ.

ಆಮೇಲೆ ಅವರ ಮನೆಗೆ ಹೋದಾಗ ಮಗಳು ನನ್ನನ್ನು ಗುರುತಿಸಿ ಹತ್ತಿರ ಬಂದಳು. "ಅಬ್ಬಾ ನಿಮ್ಮ ವಿಷಯ ಯಾವಾಗಲೂ ಹೇಳುತ್ತಿದ್ದರು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಬಾಕಿಯವರೆಲ್ಲ ದಾಕ್ಷಿಣ್ಯಕ್ಕೆ ಸಹಿ ಹಾಕಿದರಂತೆ. ನೀವೊಬ್ಬರು ನೇರವಾಗಿ ಮಾತಾಡಿ ಅವರನ್ನು ಕೋರ್ಟಿನಿಂದ ಉಳಿಸಿದಿರಂತೆ."

ಈಗ ಎಲ್ಲಿದ್ದೀಯಮ್ಮ ಎಂದು ಕೇಳಿದೆ.

ಲೊಂಬಾರ್ಡ್‌ನಲ್ಲಿ ಬಾಡಿಗೆಗೆ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದೇನೆ ಎಂದಳು. ಬೇಸ್‌ಮೆಂಟ್, ಬಿಸಿಲು ಬರುವುದಿಲ್ಲ ಎಂದಳು.