ಹೂಂಗುಟ್ಟದ ಫೋನಿನ ಮುಂದೆ ಗಂಗಾಂಬಿಕಾ ಮೇಡಂ

ಕೊಟ್ಟೂರಿನ ಆ ಓಣಿಯಲ್ಲಿ ಹಿಟ್ಟಿನ ಗಿರಣಿ ಗದ್ದಲ ಶುರುವಾಗುವುದರೊಳಗೆ ಪಾಠದ ವಿಡಿಯೊ ಮುಗಿಯಬೇಕು. ಇನ್ನೂ ಐದೂವರೆ. ಗಂಗಾಂಬಿಕಾ ಅಡುಗೆಮನೆಯಲ್ಲಿ ಮಂಡಕ್ಕಿ ಡಬ್ಬಿಗೆ ಫೋನು ಆನಿಸಿ, ಸೆರಗು ಸರಿಪಡಿಸಿಕೊಂಡು ಅರ್ಥಶಾಸ್ತ್ರ ಹೇಳುತ್ತಿದ್ದಾರೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಹಿತ್ತಲಲ್ಲಿ ಕೋಳಿ ಕೂಗುತ್ತದೆ. ಅಳಿಸಿ, ಮತ್ತೆ ಮೊದಲಿನಿಂದ. "ಸೊಸಿ ಗ್ವಾಡಿ ಜೊತಿ ಮಾತಾಡಾಕ ಕುಂತಾಳ" ಎಂದು ನಗುತ್ತಲೇ ಅತ್ತೆ ಗುರುಬಸಮ್ಮ ಒಲೆ ಹಚ್ಚದೆ ಕಾಯುತ್ತಾರೆ.

ನಲವತ್ತೆರಡರ ಗಂಗಾಂಬಿಕಾ ಹರಪನಹಳ್ಳಿಯ ಪದವಿ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ಈ ವರ್ಷ ಅರ್ಧ ಪಾಠ ಫೋನಿನಲ್ಲಿ, ಅರ್ಧ ತರಗತಿಯಲ್ಲಿ. ಅರವತ್ನಾಲ್ಕು ವಿದ್ಯಾರ್ಥಿಗಳಲ್ಲಿ ವಿಡಿಯೊ ತೆರೆಯುವವರು ನಲವತ್ತೊಂದು, ಏಳನೇ ನಿಮಿಷ ದಾಟುವವರು ಹದಿನೇಳು.

ಬಸ್ಸಿನಲ್ಲಿ ತಮ್ಮದೇ ಪಾಠವನ್ನು ಯಾರದೋ ಎಂಬಂತೆ ಕೇಳುವುದು ಅವರ ರೂಢಿ. ಹಾಗೆ ಕೇಳುವಾಗಲೇ ಒಂದು ದಿನ ಎಣಿಸಿದರು. ಇಪ್ಪತ್ತು ನಿಮಿಷದಲ್ಲಿ ಮೂವತ್ತೊಂದು ಸಲ "ತಿಳೀತಲ್ಲ?" ಒಮ್ಮೆಯೂ ಉತ್ತರಕ್ಕೆ ಕಾದಿಲ್ಲ. ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ನಿದ್ದೆಯಲ್ಲೂ ಹೂಂಗುಟ್ಟುವ ಮಕ್ಕಳಿರುತ್ತವೆ. ಫೋನು ಹೂಂಗುಟ್ಟುವುದಿಲ್ಲ, ಸರಿ. ತರಗತಿಯ ಹೂಂ ಕೂಡ ನಿದ್ದೆಯದ್ದೇ ಆಗಿದ್ದರೆ? ಮೊದಲ ಕಿರುಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆಗೆ ಸರಿಯಾಗಿ ಬರೆದವರು ಒಂಬತ್ತೇ ಮಂದಿ.

"ಹದಿನಾಲ್ಕು ವರ್ಷ ಆ ಹೂಂ ಅನ್ನೋದನ್ನ ನಂಬಿದ್ನೆಲ್ರಿ" ಎನ್ನುತ್ತಾರೆ.

ಅಂದಿನಿಂದ ಅವರ ಊಟದ ಡಬ್ಬಿಯಲ್ಲಿ ಊಟವಿಲ್ಲ; ರೊಟ್ಟಿ ಬಟ್ಟೆಯಲ್ಲಿ ಬರುತ್ತದೆ. ವಿದ್ಯಾರ್ಥಿಗಳು ತಮಗೆ ತಿಳಿಯದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಮೊದಲ ವಾರ ಐವತ್ತೆಂಟು ಚೀಟಿ, ಎಲ್ಲವೂ ಖಾಲಿ. ಎರಡನೇ ವಾರ ಒಂದರಲ್ಲಿ ಅಕ್ಷರವಿತ್ತು: "ಫೋನ್ ಅಣ್ಣನ ಜೊತಿ ಟ್ರ್ಯಾಕ್ಟರ್ ಮ್ಯಾಲ ಹೋಗತೈತಿ ಮೇಡಂ. ಒಂದೂ ವಿಡಿಯೊ ನೋಡಿಲ್ಲ. ನಿಮಗ ಬ್ಯಾಸರ ಆಗಬಾರ್ದಂತ ಹೂಂ ಅಂದೀನಿ."

ಯಾರ ಕೈಬರಹವೆಂದು ಅವರು ಹುಡುಕಲಿಲ್ಲ. ವಿಡಿಯೊ ಆರು ನಿಮಿಷಕ್ಕಿಳಿಯಿತು. ತರಗತಿಗೆ ಮುನ್ನ ಕಾಲೇಜಿನ ಪಡಸಾಲೆಯಲ್ಲಿ ಈಗ ಒಂದು ಫೋನಿಗೆ ಎರಡು ತಲೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದು ಅವರೇ ಹಾಕಿಕೊಂಡ ಕಟ್ಟಳೆ. ಎಡವಿದ್ದನ್ನು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಿನ್ನೆಯ ಸಾಲು: ನಾಲ್ಕಕ್ಕೇ ಬಾಯಿಬಿಟ್ಟೆ.

ಸೋಮವಾರ ಎರಡನೇ ಕಿರುಪರೀಕ್ಷೆ. "ಫೋನ್ ಇದ್ದೋರು, ಇಲ್ದೋರು ಅಂತ ನಾನೇ ಕ್ಲಾಸ್ ಎರಡು ಹೋಳು ಮಾಡಿಬಿಟ್ನೇನೋ ಅಂತ ಅಂಜಿಕ್ರಿ."

ಇಂದು ಶನಿವಾರ, ತರಗತಿಯ ಪಾಠ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ತಿಳಿಯಿತೇ ಎಂದು ಕೇಳಿ ಎಣಿಸತೊಡಗುತ್ತಾರೆ. ಐದು. ಆರು. ಬೆರಳಲ್ಲಿ ಸೀಮೆಸುಣ್ಣದ ಕಡ್ಡಿ ತಿರುಗುತ್ತಲೇ ಇದೆ. ಎಂಟಕ್ಕೆ ಕೊನೆಯ ಬೆಂಚಿನಿಂದ ಚಿಗಟೇರಿಯ ಶಿವಮ್ಮ ಏಳುತ್ತಾಳೆ.

"ತಿಳೀಲಿಲ್ರಿ ಮೇಡಂ. ಉಪ್ಪಿನ ರೇಟ್ ಏರಿದ್ರ ನಮ್ಮನ್ಯಾಗ ಯಾರೂ ಸಪ್ಪನ್ನ ಸಾರು ಉಣ್ಣಂಗಿಲ್ಲ. ಮತ್ತ ಬೇಡಿಕಿ ಹೆಂಗ ಇಳೀತೈತಿ?"

"ಕುಂದ್ರವಾ ತಾಯಿ, ಬಸ್ ಹೋಕ್ಕೈತಿ" ಎಂದು ಮುಂದಿನ ಬೆಂಚಿನ ಹುಡುಗ ಮೌನೇಶ್ ಗೊಣಗುತ್ತಾನೆ. ಗಂಗಾಂಬಿಕಾ ಬೋರ್ಡು ಪೂರ್ತಿ ಒರೆಸಿ, ನಡುವೆ "ಉಪ್ಪು" ಎಂದು ದೊಡ್ಡದಾಗಿ ಬರೆಯುತ್ತಾರೆ. ಆ ಬಸ್ಸು ಯಾರಿಗೂ ಸಿಗುವುದಿಲ್ಲ.

ಮುಂದಿನ ಬಸ್ಸಿಗೆ ಕಾಯುವಾಗ ಡಬ್ಬಿ ಮಡಿಲಲ್ಲಿದೆ. "ಸೋಮವಾರ ಏನಾಗತೈತೋ ಗೊತ್ತಿಲ್ರಿ. ಎಲ್ಲಾರೂ ಹಿಂಗ ಎದ್ದುನಿಂತು ಕೇಳಂಗಾದ್ರ, ಈ ಡಬ್ಬ್ಯಾಗ ಮತ್ತ ಪಲ್ಯ ಹಾಕ್ಕೊಂಡು ಬರ್ತೀನಿ. ಅಷ್ಟ ಆಸಿ."