ಮುತ್ಯಾನ ಸಾಂದರ್ಭಿಕ ಚಿತ್ರ

ಘಟನೆಯದೇ ಫೋಟೊ ಸಿಗದಿದ್ದರೆ ಪತ್ರಿಕೆಯಲ್ಲಿ ಬೇರೆ ಯಾವುದೋ ಒಂದನ್ನು ಹಾಕಿ ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದು ಬರೆಯುತ್ತೇವೆ. ಡೆಸ್ಕಿನಲ್ಲಿದ್ದಷ್ಟು ಕಾಲ ಆ ಎರಡು ಪದ ಬಿಟ್ಟುಹೋದ ಪುಟವನ್ನು ನಾನು ಅಚ್ಚಿಗೆ ಕಳಿಸಿದವನಲ್ಲ. ಆಳಂದದಲ್ಲಿ ಕಟ್ಟಿಸಿದ ನನ್ನ ಮನೆಯ ಗೋಡೆಗೆ ಮಾತ್ರ ಆ ಪದಗಳಿಲ್ಲದ ಚಿತ್ರವೊಂದನ್ನು ತೂಗುಹಾಕಿದೆ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಬಾವಿ ತೋಡುವ ಕೂಲಿ. ಸರಸಂಬಾ, ಖಜೂರಿ ಸುತ್ತಿನ ಹೊಲಗಳಲ್ಲಿ ಅವನು ತೋಡಿದ ಬಾವಿಗಳಿವೆ, ಅವನದೊಂದು ಫೋಟೊ ಇಲ್ಲ. ಅಪ್ಪ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡವನು. ಅವನ ಮುಖ ಕಂಡವರಲ್ಲಿ ಈಗ ಉಳಿದಿರುವವಳು ನನ್ನ ಅತ್ತೆ ಒಬ್ಬಳೇ. ಅಪ್ಪನ ಅಕ್ಕ, ಸರಸಂಬಾದಲ್ಲಿದ್ದಾಳೆ.

ಅಫಜಲಪುರದ ಕಡೆ ಒಮ್ಮೆ ನಾನೇ ವರದಿಗೆ ಹೋದಾಗ ದೊಡ್ಡ ಮನೆತನದ ಒಂದು ವಾಡೆಯಲ್ಲಿ ಚಹಾ ಕೊಟ್ಟರು. ಪಡಸಾಲೆಯ ಗೋಡೆಯ ಮೇಲೆ ಸಾಲಾಗಿ ಕಂದುಬಣ್ಣದ ಹಿರಿಯರು. ರುಮಾಲು, ಮೀಸೆ, ಕೈಯಲ್ಲಿ ಬೆತ್ತ. ಯಜಮಾನ ಒಬ್ಬೊಬ್ಬರನ್ನೇ ಪರಿಚಯಿಸಿ, ನಿಮ್ಮ ಮನೆಯಲ್ಲೂ ಹಿರಿಯರವು ಇರಬೇಕಲ್ಲ ಎಂದ. ‘ಅದಾವ್ರಿ’ ಎಂದುಬಿಟ್ಟೆ. ನಮ್ಮ ಕೇರಿಗೆ ಫೋಟೊ ತೆಗೆಯುವವರು ಬರುತ್ತಿರಲಿಲ್ಲ ಎಂಬುದು ಒಂದು ಸಾಲಿನ ಸತ್ಯ. ಅದನ್ನು ಹೇಳಲು ನಾಚಿಕೆಯಾಯಿತು.

ಹೊಸ ಮನೆಗೆ ಬಣ್ಣ ಹೊಡೆಯುವಾಗ ಅದು ಮತ್ತೆ ನೆನಪಾಯಿತು. ಜೇವರ್ಗಿಯಲ್ಲಿ ದೊಡ್ಡಾಟದ ವೇಷ ಹಾಕುವ ಗೆಳೆಯನಿಂದ ರುಮಾಲು ತಂದೆ. ಅದನ್ನು ಸುತ್ತಿಕೊಂಡು ಸುಣ್ಣದ ಗೋಡೆಯ ಮುಂದೆ ಕುಳಿತು, ಮಗಳ ಎದುರೇ ಮೊಬೈಲಿನಲ್ಲಿ ನನ್ನದೇ ಫೋಟೊ ತೆಗೆದುಕೊಂಡೆ. ಮುತ್ಯಾ ಅಪ್ಪನ ಹಾಗಿದ್ದರೆ ನನ್ನ ಹಾಗೂ ಇರಬಹುದು ಎಂಬುದು ನನ್ನ ಲೆಕ್ಕ. ಆ್ಯಪಿನಲ್ಲಿ ‘ವಿಂಟೇಜ್’ ಒತ್ತಿದಾಗ ಬಣ್ಣವೆಲ್ಲ ಹೋಗಿ ಚಹಾದ ಕಂದು ಬಂತು. ಅಂಚುಗಳನ್ನು ಮಾಸಲು ಮಾಡಿದೆ. ಸಣ್ಣ ಗೀರು, ಮೂಲೆಗೊಂದು ಮಡಿಕೆಯ ಗೆರೆ, ತೇವ ತಾಗಿದಂಥ ಕಲೆ ಕೂರಿಸಿದೆ. ಕೆನ್ನೆ ಒಳಕ್ಕೆಳೆದೆ, ಮೀಸೆ ದಪ್ಪ ಮಾಡಿದೆ, ಕನ್ನಡಕದಿಂದ ಮೂಗಿನ ಮೇಲೆ ಬಿದ್ದ ಗುರುತನ್ನು ಅಳಿಸಿದೆ. ಮುಖ ಸ್ಪಷ್ಟವಿದ್ದಷ್ಟೂ ಸುಳ್ಳು ಕಾಣುತ್ತಿತ್ತು. ಮಬ್ಬು ಮಾಡಿದಷ್ಟೂ ನಿಜವಾಗುತ್ತ ಹೋಯಿತು.

ಗೃಹಪ್ರವೇಶದ ಬುದ್ಧವಂದನೆಗೆ ಬಂದವರು ಫೋಟೊ ನೋಡಿ ಮೆಚ್ಚಿದರು. ಎಲ್ಲಿಯದು ಎಂದವರಿಗೆ ‘ಸಿಕ್ತು’ ಎಂದೆ. ಯಾರಿಗೆ ಸಿಕ್ಕಿತು, ಎಲ್ಲಿ, ಯಾವಾಗ? ವರದಿಗಾರರನ್ನು ನಾನು ಕೇಳುತ್ತಿದ್ದ ಈ ಪ್ರಶ್ನೆಗಳನ್ನು ನನ್ನನ್ನು ಯಾರೂ ಕೇಳಲಿಲ್ಲ.

ಅತ್ತೆ ತಡವಾಗಿ ಬಂದಳು. ಗೋಡೆಯ ಹತ್ತಿರ ಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಅಲ್ಲ ಎನ್ನುತ್ತಾಳೆ ಎಂದು ಕಾದೆ. ಹಾಗೆಂದಿದ್ದರೆ ನಕ್ಕು ನಿಜ ಹೇಳಿಬಿಡುವವನಿದ್ದೆ.

‘ಅಪ್ಪಾ,’ ಎಂದಳು ಫೋಟೊಗೆ, ‘ಎಲ್ಲಿದ್ದಿ ಇಷ್ಟ್ ದಿನ?’

ಸುತ್ತ ಬೀಗರಿದ್ದರು, ಆಫೀಸಿನವರಿದ್ದರು. ನಿಜ ಹೇಳದೆ ಅತ್ತೆಗೆ ಕುರ್ಚಿ ಎಳೆದುಕೊಟ್ಟೆ. ಅಂಥ ಫೋಟೊ ತನಗೂ ಒಂದು ಬೇಕೆಂದಳು. ಮುಂದಿನ ವಾರ ಚೌಕಟ್ಟು ಹಾಕಿಸಿ ನಾನೇ ಒಯ್ದು ಕೊಟ್ಟೆ.

ಮುತ್ಯಾ ಹೇಗಿದ್ದ ಎಂದು ಕೇಳಿದರೆ ಅತ್ತೆ ಮೊದಲಿನಿಂದಲೂ ಒಂದೇ ರೀತಿ ಹೇಳುತ್ತಿದ್ದಳು. ತಲೆಗೆ ಹರಿದ ಟವೆಲ್ಲು, ಮೀಸೆ ಅಷ್ಟಕ್ಕಷ್ಟೇ. ಬಾವಿಯಲ್ಲಿ ಕಲ್ಲಿನ ಚೂರು ಸಿಡಿದು ಒಂದು ಹುಬ್ಬು ಸೀಳಿತ್ತು, ಅದರಿಂದ ಯಾವಾಗಲೂ ಒಳಗೊಳಗೇ ನಗುತ್ತಿರುವವನಂತೆ ಕಾಣುತ್ತಿದ್ದನಂತೆ. ಮಳೆಗಾಲದ ಹೊತ್ತಿಗೆ ಮಗಳನ್ನು ಕರೆದುಕೊಂಡು ಸರಸಂಬಾಕ್ಕೆ ಹೋದೆ. ಅತ್ತೆಯನ್ನು ಆಯಿ ಎಂದು ಕರೆಯುವ ಮಗಳು ಮುತ್ಯಾನ ಸುದ್ದಿ ಎತ್ತಿದಳು. ಅತ್ತೆ ತಡವರಿಸದೆ ದೊಡ್ಡ ರುಮಾಲು ಎಂದಳು, ಹುರಿಮೀಸೆ ಎಂದಳು, ಕೂತರೆ ಊರಗೌಡನ ಹಾಗೆ ಎಂದಳು. ಹುಬ್ಬಿನ ಮಾತೇ ಬರಲಿಲ್ಲ.

ಹಿಂದಿರುಗುವಾಗ ಮಗಳು ಗಾಡಿಯಲ್ಲಿ ಹೇಳಿದಳು: ‘ಪಪ್ಪಾ, ಆಯಿ ನಿನ್ನ ಫೋಟೊನೇ ಹೇಳಾಕತ್ತಾಳ.’

ಮುತ್ಯಾನ ಮುಖ ಉಳಿದಿದ್ದುದು ಆ ಒಂದು ತಲೆಯಲ್ಲಿ. ಅದರ ಮೇಲೆ ನನ್ನ ಮುಖ ಅಂಟಿಸಿದ್ದೆ.

ಎರಡು ದಿನ ಬಿಟ್ಟು ಒಬ್ಬನೇ ಹೋದೆ. ಬುದ್ಧನ ಚಿತ್ರದ ಪಕ್ಕದಲ್ಲೇ ಫೋಟೊ ಇತ್ತು, ಎರಡಕ್ಕೂ ಸೇರಿ ಮೇಣಬತ್ತಿ ಉರಿಯುತ್ತಿತ್ತು. ಅದು ಮುತ್ಯಾ ಅಲ್ಲ, ನಾನು ಎಂದೆ. ಅತ್ತೆ ನಕ್ಕಳು. ಚೇಷ್ಟೆ ಎಂದುಕೊಂಡಳು. ಮೊಬೈಲಿನಲ್ಲಿದ್ದ ಮೂಲ ಫೋಟೊ ತೋರಿಸಿದೆ: ಕನ್ನಡಕದ ಗುರುತು, ಅಂಗಿಯ ಕಾಲರು, ತಲೆಗೆ ಕಡ ತಂದ ಕೆಂಪು ರುಮಾಲು. ಅವಳು ಫೋನನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿದಳು. ಬಳಿಕ ಎದ್ದು ಹೋಗಿ ಮೇಣಬತ್ತಿಯನ್ನು ಬುದ್ಧನ ಕಡೆಗೆ ಸರಿಸಿದಳು.

‘ನಿನಗ ದಿನಾ ಕೈ ಮುಗಿದೆನಲ್ಲೋ ಭಾಡ್ಯಾ.’

ಬೈದದ್ದು ಅಷ್ಟೇ. ಇನ್ನಷ್ಟು ಬೈದಿದ್ದರೆ ನನಗೆ ಸುಲಭವಿತ್ತು. ಫೋಟೊ ಒಯ್ಯಲೇ ಎಂದು ಕೇಳಿದೆ. ಅತ್ತೆ ಗೋಡೆಗೆ ಒರಗಿ ಕುಳಿತು ಯೋಚಿಸುತ್ತಿದ್ದಳು.

‘ಆ ಹುಬ್ಬಿನ ಗಾಯ ಹಾಕ್ಲಾಕ ಬರ್ತದೇನ್ ಇದರಾಗ?’ ಎಂದಳು ಕೊನೆಗೆ.

ಅದಕ್ಕಿಂತ ಸುಲಭದ ಕೆಲಸ ಇರಲಿಲ್ಲ. ಆ್ಯಪ್ ತೆರೆದು ಮುಖವನ್ನು ದೊಡ್ಡದು ಮಾಡಿದೆ. ಯಾವ ಹುಬ್ಬು, ಎಡದ್ದೋ ಬಲದ್ದೋ ಎಂದು ಕೇಳಿದೆ. ಅತ್ತೆ ತನ್ನ ಎಡಹುಬ್ಬಿನ ಮೇಲೆ ಬೆರಳಿಟ್ಟಳು. ತೆಗೆದು ಬಲಕ್ಕೆ ಇಟ್ಟಳು. ತಡಿ ಎಂದು ಕಣ್ಣು ಮುಚ್ಚಿದಳು.

‘ಗಾಯ ಇತ್ತಂತ ಹೇಳ್ಲಾಕ ಬರ್ತದ ತಮ್ಮಾ. ನೋಡ್ಲಾಕ ಹೋದ್ರ ನೀನೇ ಬರಾಕತ್ತಿ.’

ನಾನು ಫೋನು ಆರಿಸಿದೆ. ಅವಳು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು.