ಕೂಗಿದರೆ ಒಳಗೆ ವಾಲುವ ಮಂಡಿ

ಕಿಟಕಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ವಾಲಿಬಾಲ್ ಅಂಗಣದ ಮರದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಪಟ್ಟಿಯಕ್ಕ ಆಗಲೇ ರೇಗಿದ್ದಾರೆ. "ನೋಡು, ಮಂಡಿ ಮತ್ತೆ ಒಳಗೆ ಹೋಯ್ತು! ಎಲ್ಲಿಟ್ಟಿದ್ದೀಯೇ ತಲೇನ?" ಬಲೆಯ ಪಕ್ಕ ಈಗಷ್ಟೇ ನೆಗೆದು ಇಳಿದ ಹುಡುಗಿ ಮಂಡಿ ಸವರಿಕೊಳ್ಳುತ್ತಿದ್ದಾಳೆ. ಅವಳ ಎತ್ತರಕ್ಕೆ ತಂಡದವರು ಇಟ್ಟ ಹೆಸರು ಏಣಿ. ಅವಳ ತಲೆ ಇರುವುದು ಗ್ಯಾಲರಿಯಲ್ಲಿ, "ಹುಷಾರು ಕಣೇ!" ಎಂದು ಈಗಷ್ಟೇ ಕೂಗಿದ ಅಮ್ಮನ ಹತ್ತಿರ.

ಆಟಗಾರ್ತಿಯರ ಕಾಲಿಗೆ ಪಟ್ಟಿ ಸುತ್ತುವುದು, ಐಸ್ ಇಡುವುದು, ಗಾಯದಿಂದ ಎದ್ದವರನ್ನು ಮತ್ತೆ ನೆಗೆಯಲು ಅಣಿಮಾಡುವುದು ಅಕ್ಕನ ಕೆಲಸ. ಮೊದಲು ಮೂಳೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಇಲ್ಲಿಗೆ ಬಂದ ಮೇಲೆ ಫಿಸಿಯೋ ಮೇಡಂ ಕೈಹಿಡಿದು ಕಲಿಸಿದರು. ಗೆದ್ದ ದಿನದ ಫೋಟೊಗಳಲ್ಲಿ ಅಕ್ಕ ಇರುವುದಿಲ್ಲ; ಆ ಹೊತ್ತಿಗೆ ಯಾರದೋ ಪಾದ ಅವರ ಮಡಿಲಲ್ಲಿರುತ್ತದೆ. ನೆಲದಲ್ಲಿ ಕೂತೂ ಕೂತೂ ಅವರ ಮಂಡಿಯೇ ಹಿಡಿದುಕೊಂಡಿದೆ. "ಕುರ್ಚಿ ಹಾಕ್ಕೋ ಅಂತಾರೆ ನಮ್ಮನೆಯವ್ರು. ಕುರ್ಚಿಯಿಂದ ಇವರ ಮಂಡಿ ನೆಟ್ಟಗೆ ಕಾಣತ್ತಾ? ಅವರಿಗೇನು, ಹೇಳ್ತಾರೆ."

ಇಳಿಯುವಾಗ ಮನಸ್ಸು ಬೇರೆ ಕಡೆ ಹೋದರೆ ಕಾಲು ಸೆಟೆದುಕೊಂಡೇ ನೆಲಕ್ಕೆ ಬಡಿಯುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಒಳಗಿನ ಲಿಗಮೆಂಟ್ ಹರಿಯುತ್ತದೆ. ಏಣಿಗೆ ಹೋದ ವರ್ಷ ಆದದ್ದು ಅದೇ. ಅವಳು ಗಾಳಿಯಲ್ಲಿದ್ದಾಗ ಕೋಚ್ ಏನೋ ಕೂಗಿದರು, ಅವಳು ಅತ್ತ ತಿರುಗಿದಳು, ಇಳಿದಳು, ಏಳಲಿಲ್ಲ. ಆಪರೇಷನ್ ಆಯಿತು. ಇನ್ನೊಮ್ಮೆ ಹರಿದರೆ ಆಟದ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಶನಿವಾರ ಪಂದ್ಯವಿದೆ. ಅವಳನ್ನು ಆಡಿಸಬೇಕೋ ಬೇಡವೋ, ನೋಡಿ ಹೇಳಿ ಎಂದು ಮೇಡಂ ಅಕ್ಕನಿಗೇ ಬಿಟ್ಟಿದ್ದಾರೆ.

"ಸದ್ದಿಲ್ಲದ ರೂಮಲ್ಲಿ ಎಲ್ಲರೂ ಚೆನ್ನಾಗೇ ಇಳೀತಾರೆ. ಪಂದ್ಯ ಏನು ರೂಮಲ್ಲಿ ನಡೆಯತ್ತಾ?" ಎನ್ನುವ ಅಕ್ಕ ಹುಡುಗಿಯರನ್ನು ನೆಗೆಸುತ್ತಲೇ ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುತ್ತಾರೆ. ಏಣಿ ಅದನ್ನು ನೀರು ಕುಡಿದಂತೆ ಹೇಳಿ ಮೆತ್ತಗೆ ಇಳಿಯುತ್ತಾಳೆ. ಅಮ್ಮನ ದನಿ ಕೇಳಿತೋ, ಮುಗಿಯಿತು. ಅಮ್ಮನನ್ನು ಹೊರಗೆ ಕಳಿಸಿ ಸಾಕಾದ ಅಕ್ಕ ಇವತ್ತು ಕೆಳಗೇ ಕರೆಯುತ್ತಾರೆ. "ಇಲ್ಲೇ ನಿಂತ್ಕೊಂಡು ಬೈಯಿರಿ. ಮನೇಲಿ ಬೈತೀರಲ್ಲ, ಹಾಗೇ."

ಅಮ್ಮ ಮೊದಲು ನಾಚುತ್ತಾರೆ. ಆಮೇಲೆ ಯಾರು ತಡೆಯಬೇಕು! "ಒದ್ದೆ ಟವಲ್ ಹಾಸಿಗೆ ಮೇಲೆ! ಚಿಕ್ಕಮ್ಮ ಫೋನ್ ಮಾಡಿದ್ರೆ ಎತ್ತಲ್ಲ! ತಟ್ಟೆ ತೊಳೆಯೋಕೆ ಯಾರನ್ನ ಇಟ್ಕೊಂಡಿದ್ದೀಯೇ?" ಉಳಿದ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಏಣಿಯ ಮಂಡಿ ಎರಡು ಸಲ ಒಳಕ್ಕೆ ಹೋಗುತ್ತದೆ, ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಕೊನೆಗೊಮ್ಮೆ ಅವಳು ಗಾಳಿಯಲ್ಲಿದ್ದಂತೆಯೇ "ತೊಳೆದಿಟ್ಟೇ ಬಂದಿದ್ದೀನಮ್ಮಾ!" ಎಂದು ಕೂಗಿ ಬೆಕ್ಕಿನಂತೆ ಇಳಿಯುತ್ತಾಳೆ. ಆಮೇಲೆ ಅಮ್ಮ ಎಷ್ಟು ಬೈದರೂ ಮಂಡಿ ಕದಲುವುದಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕೋಚ್ ಬರುತ್ತಾರೆ. ಬಂದವರು ಸುಮ್ಮನಿರಬಾರದೇ? "ಏಣೀ, ಕೈ ಮೇಲೆ!" ಎಂದು, ಅವಳು ಗಾಳಿಯಲ್ಲಿದ್ದಾಗಲೇ ಗುಡುಗುತ್ತಾರೆ. ಮಂಡಿ ಒಳಕ್ಕೆ ವಾಲುತ್ತದೆ. ಏಣಿ ತಾನೇ ಬೆದರಿ ಕಾಲು ಹಿಡಿದುಕೊಳ್ಳುತ್ತಾಳೆ. ಪುಣ್ಯಕ್ಕೆ ಏನೂ ಆಗಿಲ್ಲ.

"ಶನಿವಾರ ಬೇಡ ಸಾರ್," ಎನ್ನುತ್ತಾರೆ ಅಕ್ಕ.

"ಒಂದೇ ಸಲ ತಾನೇ ಅಕ್ಕ? ಅಷ್ಟಕ್ಕೆಲ್ಲಾ ಬೇಡ ಅಂದ್ರೆ ಹೇಗೆ?"

"ಹೋದ ವರ್ಷಾನೂ ಒಂದೇ ಸಲ ಹೋಗಿದ್ದು." ಅಕ್ಕ ಸಿಟ್ಟಿಗೆ ನೆಲ ಬಡಿಯುತ್ತಾರೆ. "ನಾಳೆಯಿಂದ ಬೆಳಗ್ಗೆ ನೀವು ಬನ್ನಿ ಸಾರ್. ಇವಳ ಪಕ್ಕ ನಿಂತು ಗಂಟಲು ಹರಿಯೋ ಹಾಗೆ ಕೂಗಿ. ನಿಮ್ಮ ಕೂಗಿಗೆ ಇವಳ ಕಾಲು ಕಿವಿಗೊಡದೇ ಇರೋ ದಿನ ನಾನೇ ಕಳಿಸ್ತೀನಿ."

ಏಣಿ ಕಾಲಿನ ಪಟ್ಟಿಯನ್ನು ಪರಪರ ಕಿತ್ತು ಬಿಸಾಡುತ್ತಾಳೆ. ಕಣ್ಣು ತುಂಬಿದೆ. "ಇನ್ನು ನಿಮ್ಮ ಹತ್ರ ಬರೋದೇ ಇಲ್ಲ ನಾನು!"

ಅಕ್ಕ ನೆಲಕ್ಕೆ ಕೈಯೂರಿ, ನೋಯುವ ಮಂಡಿ ಹಿಡಿದು ಏಳುತ್ತಾರೆ. "ಬರ್ಬೇಡ ಕಣೇ ತಾಯಿ. ನೀನು ಜನ್ಮದಲ್ಲಿ ನನ್ನ ಹತ್ರ ಬರಬಾರದು ಅಂತಾನೇ ನಾನು ಇಷ್ಟು ಒದ್ದಾಡ್ತಿರೋದು."